ನೆಲ ಬಿಡುವ ಗೆರೆ: ಬಾಗಲಕೋಟೆಯ ಲ್ಯಾಬಿನಲ್ಲಿ ಕೂತು ಅಂಟಾರ್ಕ್ಟಿಕಾ ಅಳೆದ ಒಂದು ಪ್ರಕರಣ

ಬಾಗಲಕೋಟೆಯವರಿಗೆ ಎರಡು ಅಂಕಿ ಬಾಯಿಪಾಠ. 519.60 ಮತ್ತು 524.256. ಮೊದಲನೆಯದು ಆಲಮಟ್ಟಿ ಜಲಾಶಯ ಈಗ ತುಂಬುವ ಮಟ್ಟ, ಮೀಟರಿನಲ್ಲಿ. ಎರಡನೆಯದು 2010ರಲ್ಲಿ ಕೃಷ್ಣಾ ಎರಡನೇ ನ್ಯಾಯಮಂಡಳಿ ಒಪ್ಪಿದ ಮಟ್ಟ. ಚಹಾದಂಗಡಿಯಲ್ಲಿ ಕೂತು "ಐನೂರಾ ಇಪ್ಪತ್ನಾಲ್ಕ ಆದ್ರ ನಿಮ್ಮ ಹೊಲ ಹೋಗತೈತೇನ?" ಅಂದರೆ ಸಾಕು. ಅದೇನು, ಯಾವುದರ ಲೆಕ್ಕ ಅಂತ ಯಾರೂ ತಿರುಗಿ ಕೇಳುವುದಿಲ್ಲ. ನಮ್ಮ ಹಳೇ ಮನೆಯೂ ಮುಳುಗಡೆಯಲ್ಲೇ ಹೋಯಿತು. ಈಗ ನವನಗರದಲ್ಲಿದ್ದೇವೆ, ಸೆಕ್ಟರ್ ನಂಬರು ಹೇಳಿಕೊಂಡು.

ಇಂಥ ಊರಿನಲ್ಲಿ ಸರ್ವೆ ಪಾಠ ಹೇಳುವವನು ನಾನು. ಎತ್ತರದ ಅಂಕಿ ಕಂಡ ಕೂಡಲೇ "ಎಲ್ಲಿಂದ ಅಳೆದದ್ದು?" ಅಂತ ಕೇಳಬೇಕು ಅಂತ ವರ್ಷಾ ವರ್ಷ ಮಕ್ಕಳಿಗೆ ಹೇಳುತ್ತೇನೆ. ಆದರೆ ನನ್ನದೇ ಪ್ರಾಜೆಕ್ಟಿನಲ್ಲಿ ಅದನ್ನು ಕೇಳಲು ಒಂದು ತಿಂಗಳು ಹಿಡಿಯಿತು. ಕೇಳಿದ್ದೂ ನಾನಲ್ಲ, ವಿದ್ಯಾರ್ಥಿಗಳು.

ಪ್ರಾಜೆಕ್ಟು ಹುಟ್ಟಿದ್ದು ಹೀಗೆ

2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ನಿಸಾರ್ ಹಾರಿತು. ನಾಸಾ ಮತ್ತು ಇಸ್ರೋ ಸೇರಿ ಮಾಡಿದ ರೇಡಾರ್ ಉಪಗ್ರಹ. ಮಾರನೇ ವಾರವೇ ಕೊನೇ ವರ್ಷದ ಮೂವರು ನನ್ನ ಕೋಣೆಗೆ ಬಂದರು. ಒಬ್ಬಳು ಇಳಕಲ್ಲಿನವಳು, ಒಬ್ಬ ಬೀಳಗಿಯವನು, ಇನ್ನೊಬ್ಬ ವಿಜಯಪುರದವನು. "ಸರ, ಇದರಾಗ ಏನರ ಮಾಡೋಣ್ರಿ" ಅಂದರು. ಅದರ ಮಾಹಿತಿ ಕೈಗೆ ಸಿಗಲು ಇನ್ನೂ ಸಮಯ ಬೇಕಿತ್ತು. ಹಾಗಾಗಿ ನಿಸಾರ್ ಮುಂದೆ ಮಾಡಲಿರುವ ಒಂದು ಕೆಲಸವನ್ನೇ ಹಳೇ ಉಪಗ್ರಹಗಳ ಉಚಿತ ಮಾಹಿತಿಯಲ್ಲಿ ಮಾಡಿ ನೋಡೋಣ ಅಂತ ಮಾತಾಯಿತು. ಆ ಕೆಲಸವೇ ಅಂಟಾರ್ಕ್ಟಿಕಾದ ಗ್ರೌಂಡಿಂಗ್ ಲೈನ್ ಹುಡುಕುವುದು.

ಹೆಸರಿಗೆ ಹೆದರಬೇಕಿಲ್ಲ. ಅಂಟಾರ್ಕ್ಟಿಕಾದ ಮಂಜುಗಡ್ಡೆ ಒಂದೇ ಕಡೆ ನಿಂತಿಲ್ಲ. ಗಟ್ಟಿ ಬೆಲ್ಲದ ಪಾಕದ ಹಾಗೆ ನಿಧಾನಕ್ಕೆ ಕಡಲಿನ ಕಡೆ ಜಾರುತ್ತಾ ಇರುತ್ತದೆ. ಕಡಲು ಮುಟ್ಟಿದ ಮೇಲೂ ಸ್ವಲ್ಪ ದೂರ ನೆಲಕ್ಕೆ ಒರಗಿಕೊಂಡೇ ಹೋಗುತ್ತದೆ, ಏಕೆಂದರೆ ಅದು ಅಷ್ಟು ದಪ್ಪ, ಅಷ್ಟು ಭಾರ. ಒಂದು ಕಡೆ ಬಂದಾಗ ದಪ್ಪ ತೆಳುವಾಗಿ ಅಥವಾ ನೀರು ಆಳವಾಗಿ ನೆಲದಿಂದ ಕಾಲು ಕಿತ್ತು ತೇಲಲು ಶುರುಮಾಡುತ್ತದೆ. ಅಲ್ಲಿಂದ ಮುಂದಿನದು ಐಸ್ ಶೆಲ್ಫ್, ತೇಲುವ ಹಿಮದ ಹಾಸು. ಕಾಲು ಕಿತ್ತ ಜಾಗವೇ ಗ್ರೌಂಡಿಂಗ್ ಲೈನ್. ಇಳಕಲ್ಲಿನ ಹುಡುಗಿ ತನ್ನ ನೋಟ್‌ಬುಕ್ಕಿನಲ್ಲಿ "ನೆಲ ಬಿಡುವ ಗೆರೆ" ಅಂತ ಬರೆದುಕೊಂಡಳು. ನನಗೂ ಅದೇ ಹಿಡಿಸಿತು.

2011ರಲ್ಲಿ ಪ್ರಕಟವಾದ ಒಂದು ನಕ್ಷೆಯ ಪ್ರಕಾರ ಈ ಗೆರೆ ಖಂಡದ ಸುತ್ತ 53,610 ಕಿಲೋಮೀಟರ್ ಉದ್ದ ಇದೆ. ಭೂಮಿಯ ಸುತ್ತಳತೆಗಿಂತ ಜಾಸ್ತಿ. ಅದರಲ್ಲಿ ಮನುಷ್ಯರು ಕಣ್ಣಾರೆ ಕಂಡದ್ದು ಬೆರಳೆಣಿಕೆಯ ಜಾಗ. 2020ರ ಜನವರಿಯಲ್ಲಿ ಥ್ವೇಟ್ಸ್ ಹಿಮನದಿಯಲ್ಲಿ ಸುಮಾರು 600 ಮೀಟರ್ ಮಂಜಿಗೆ ಬಿಸಿನೀರಿನಿಂದ ತೂತು ಕೊರೆದರು. ಐಸ್‌ಫಿನ್ ಅನ್ನುವ ಕೋಲಿನಂಥ ರೋಬೋ ಒಳಗಿಳಿದು ಅಲ್ಲಿನ ಗೆರೆಯ ಚಿತ್ರ ತಂದಿತು. ಉಳಿದ ಕಡೆಯೆಲ್ಲ ಮೇಲಿಂದ ನೋಡಿ, ಅಡಿಯಲ್ಲಿ ಏನಿದೆ ಅಂತ ಊಹಿಸಬೇಕು.

ಈ ಗೆರೆ ಯಾಕೆ ಬೇಕು? ಈಗಾಗಲೇ ತೇಲುತ್ತಿರುವ ಮಂಜು ಕರಗಿದರೆ ಕಡಲ ಮಟ್ಟ ಏರುವುದು ತೀರಾ ಅಷ್ಟಕ್ಕಷ್ಟೆ. ಲೋಟದೊಳಗಿನ ಐಸ್ ತುಂಡಿನ ಕಥೆ ಅದು. ನೆಲದ ಮೇಲಿನ ಮಂಜು ಗೆರೆ ದಾಟಿದ ಕ್ಷಣದಿಂದ ಕಡಲಿನ ಲೆಕ್ಕಕ್ಕೆ ಜಮಾ ಆಗುತ್ತದೆ. ಜೊತೆಗೆ ಮುಂದಿರುವ ಹಾಸು ಹಿಂದಿನ ಮಂಜಿಗೆ ತಡೆಗೋಡೆ ಥರ. 2002ರಲ್ಲಿ ಲಾರ್ಸನ್ ಬಿ ಹಾಸು, ಸುಮಾರು 3,250 ಚದರ ಕಿಲೋಮೀಟರ್, ಕೆಲವೇ ವಾರಗಳಲ್ಲಿ ಪುಡಿಯಾಯಿತು. ಹಿಂದಿದ್ದ ಹಿಮನದಿಗಳು ಓಟ ಹೆಚ್ಚಿಸಿದವು. ಪಶ್ಚಿಮ ಅಂಟಾರ್ಕ್ಟಿಕಾದಲ್ಲಿ ಇನ್ನೊಂದು ತೊಡಕು: ಒಳಗೆ ಹೋದಂತೆಲ್ಲ ನೆಲ ತಗ್ಗು. ಗೆರೆ ಹಿಂದೆ ಸರಿದರೆ ಅದು ಇನ್ನೂ ದಪ್ಪ ಮಂಜಿಗೆ ಹೋಗಿ ನಿಲ್ಲುತ್ತದೆ, ದಪ್ಪ ಮಂಜು ಇನ್ನೂ ಜೋರಾಗಿ ಹರಿಯುತ್ತದೆ. ಪೈನ್ ಐಲೆಂಡ್ ಹಿಮನದಿಯ ಗೆರೆ 1992ರಿಂದ 2011ರೊಳಗೆ 31 ಕಿಲೋಮೀಟರ್ ಹಿಂದೆ ಹೋಯಿತು ಅಂತ ಎರಿಕ್ ರಿನ್ಯೊ ಮತ್ತು ಸಂಗಡಿಗರು ತೋರಿಸಿದ್ದಾರೆ. ನವನಗರದಿಂದ ಬೀಳಗಿಗೆ ಬಸ್ಸಿನಲ್ಲಿ ಹೋಗುವಷ್ಟು ದೂರ ಅಂತ ಬೀಳಗಿಯವನು ಹೆಚ್ಚುಕಡಿಮೆ ಲೆಕ್ಕ ಹಾಕಿದ.

ಜಾಗ ಆರಿಸುವಾಗ ನಾವು ಥ್ವೇಟ್ಸ್ ತಂಟೆಗೆ ಹೋಗಲಿಲ್ಲ. ಮಕ್ಕಳಿಗೆ ಶಾಲೆಯ ಪುಸ್ತಕದಿಂದ ಗೊತ್ತಿದ್ದ ಹೆಸರು ಮೈತ್ರಿ. 1989ರಿಂದ ಇರುವ ನಮ್ಮ ನೆಲೆ. ಅದು ಶಿರ್ಮಾಕರ್ ಅನ್ನುವ ಬಂಡೆಗಳ ಪಟ್ಟಿಯ ಮೇಲಿದೆ. ಅದರ ಉತ್ತರಕ್ಕೆ ಹಾಸಿರುವುದು ನಿವ್ಲಿಸೆನ್ ಐಸ್ ಶೆಲ್ಫ್. ಅದಕ್ಕೂ ಮುಂಚೆ, 1983-84ರಲ್ಲಿ ಕಟ್ಟಿದ ದಕ್ಷಿಣ ಗಂಗೋತ್ರಿ ಈ ಹಾಸಿನ ಮೇಲೇ ಇತ್ತು. ಹಿಮ ಬಿದ್ದು ಬಿದ್ದು ಹೂತು ಹೋಯಿತು. ಈ ಸಂಗತಿ ಮುಂದೆ ನಮ್ಮ ಕೆಲಸಕ್ಕೆ ಬರುತ್ತದೆ.

ಮೊದಲ ನಕ್ಷೆ, ಮತ್ತು ನಾನು ತಿರುಗಿಸಿದ ತಿರುಪು

ಮೊದಲು ಸುಲಭದ ದಾರಿ ಹಿಡಿದೆವು. ಮಂಜುಗಡ್ಡೆ ಒಂದು ಘನ ಮೀಟರಿಗೆ 917 ಕಿಲೋ. ಅಲ್ಲಿನ ಕಡಲ ನೀರು 1,027 ಕಿಲೋ ಆಸುಪಾಸು. ಹಾಗಾಗಿ ತೇಲುವ ಮಂಜಿನ ಒಟ್ಟು ದಪ್ಪ, ನೀರಿನ ಮೇಲೆ ಕಾಣುವ ಎತ್ತರದ ಸುಮಾರು 9.3 ಪಟ್ಟು. 373 ಮೀಟರ್ ದಪ್ಪದ ಮಂಜು ತೇಲುತ್ತಿದ್ದರೆ ನೀರಿನ ಮೇಲೆ 40 ಮೀಟರ್ ಕಾಣಬೇಕು. ಅದಕ್ಕಿಂತ ಮೇಲೆದ್ದಿದ್ದರೆ? ಅಡಿಯಲ್ಲಿ ಏನೋ ಎತ್ತಿ ಹಿಡಿದಿದೆ. ಅಂದರೆ ನೆಲ.

ಮೇಲ್ಮೈ ಎತ್ತರಕ್ಕೆ ರೇಮಾ ಅನ್ನುವ ನಕ್ಷೆ ತೆಗೆದುಕೊಂಡೆವು. ಉಪಗ್ರಹ ಚಿತ್ರಗಳ ಜೋಡಿಗಳಿಂದ ಕಟ್ಟಿದ್ದು, ತುಂಬಾ ಸೂಕ್ಷ್ಮ. ದಪ್ಪಕ್ಕೆ ಬೆಡ್‌ಮೆಷಿನ್ ಅನ್ನುವ ಕಡತ. ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಎರಡನ್ನೂ ಒಂದರ ಮೇಲೊಂದು ಹಾಸಿ, ಚೌಕ ಚೌಕವಾಗಿ ಕಳೆದು ಗುಣಿಸಿ, ನೆಲ ಹಿಡಿದಿದ್ದಕ್ಕೆ ಕಂದು ಬಣ್ಣ, ತೇಲುವುದಕ್ಕೆ ನೀಲಿ.

ನೀಲಿ ಬರಲೇ ಇಲ್ಲ. ಇಡೀ ಹಾಸು ಕಂದು.

"ಸರ, ದಕ್ಷಿಣ ಗಂಗೋತ್ರಿ ಇದ್ದ ಜಾಗಾನೂ ನೆಲದ ಮ್ಯಾಲ ಕುಂತೈತಿ ನೋಡ್ರಿ" ಅಂದಳು ಇಳಕಲ್ಲಿನವಳು. ತೇಲುವ ಹಾಸಿನ ಮೇಲೆ ಕಟ್ಟಿದ್ದು ಅಂತ ಊರಿಗೆಲ್ಲ ಗೊತ್ತಿರುವ ಜಾಗ ಅದು.

ನನ್ನ ತಲೆಗೆ ತಕ್ಷಣ ಹೊಳೆದದ್ದು ಗಾಳಿ. ಹಾಸಿನ ಮೇಲಿನ ಪದರ ಗಟ್ಟಿ ಮಂಜಲ್ಲ. ಬಿದ್ದ ಹಿಮ ಇನ್ನೂ ಒತ್ತಿಕೊಳ್ಳುತ್ತಾ ಇರುತ್ತದೆ, ಅದರ ಸಂದಿಯಲ್ಲಿ ಗಾಳಿ. ಆ ಗಾಳಿಯನ್ನೆಲ್ಲ ಒಟ್ಟು ಮಾಡಿದರೆ ಹತ್ತಾರು ಮೀಟರ್ ಆಗುತ್ತದೆ. ತೂಕವಿಲ್ಲದ ಎತ್ತರ ಅದು, ಲೆಕ್ಕದಿಂದ ತೆಗೆಯಲೇಬೇಕು. ಬೆಡ್‌ಮೆಷಿನ್ ಕಡತದಲ್ಲೇ ಅದಕ್ಕೊಂದು ಪದರ ಇದೆ. ಹಾಕಿದೆವು. ಕಂದು ಸ್ವಲ್ಪ ತಿಳಿಯಾಯಿತು, ಹೋಗಲಿಲ್ಲ.

ಆಗ ನಾನು ಮಾಡಿದ್ದು ಬರೆಯಲು ಮುಜುಗರವಾಗುತ್ತದೆ. ಗಾಳಿಯ ಅಂಕಿಯನ್ನು ಕೈಯಿಂದ ಏರಿಸುತ್ತಾ ಹೋದೆ. ಎರಡು ಪಟ್ಟು ದಾಟಿದಾಗ ನೀಲಿ ಹರಡಿತು, ಗೆರೆ ಹೆಚ್ಚುಕಡಿಮೆ ಇರಬೇಕಾದಲ್ಲಿ ಬಂದು ನಿಂತಿತು. "ಅಲ್ಲಿ ಹಿಮ ಜಾಸ್ತಿ ಬೀಳತೈತಿ, ಅದಕ್ಕ ಗಾಳಿನೂ ಜಾಸ್ತಿ" ಅಂತ ಒಂದು ಕಾರಣವನ್ನೂ ಹೊಲಿದೆ. ವಿಜಯಪುರದವನು "ಇಷ್ಟ ಗಾಳಿ ಎಲ್ಲಿಂದ ಬಂತ್ರಿ ಸರ?" ಅಂತ ಕೇಳಿದ. ಸುಮ್ನೆ ಮುಂದಿನದು ನೋಡು ಅಂದೆ. ಸಂಬಾರಕ್ಕೆ ಉಪ್ಪು ಜಾಸ್ತಿಯಾದಾಗ ಬೆಲ್ಲ ಹಾಕಿ ಸರಿಮಾಡಿದ ಹಾಗೆ. ಉಪ್ಪು ಎಲ್ಲಿಂದ ಬಂತು ಅಂತ ನೋಡಲಿಲ್ಲ.

ಅನಗವಾಡಿ ಸೇತುವೆ ಹತ್ತಿರ

ಸೆಪ್ಟೆಂಬರಿನ ಒಂದು ಭಾನುವಾರ. ಬೇರೆ ಪಾಠಕ್ಕೆಂದು ಸರ್ವೆ ಲ್ಯಾಬಿನ, ಉಪಗ್ರಹಗಳಿಂದ ಜಾಗ ಮತ್ತು ಎತ್ತರ ಹೇಳುವ ಜಿಎನ್‌ಎಸ್‌ಎಸ್ ಉಪಕರಣ ಹೊತ್ತುಕೊಂಡು ಘಟಪ್ರಭೆಯಲ್ಲಿ ನಿಂತ ಆಲಮಟ್ಟಿ ಹಿನ್ನೀರಿಗೆ ಹೋದೆವು. ಅನಗವಾಡಿ ಸೇತುವೆಯಿಂದ ಸ್ವಲ್ಪ ಈಚೆ, ಮೀನುಗಾರರು ತೆಪ್ಪ ಎಳೆದು ಹಾಕುವ ಜಾಗ. ಜಲಾಶಯ ತುಂಬಿತ್ತು. ಅವತ್ತಿನ ಪತ್ರಿಕೆಯಲ್ಲಿ ಮಟ್ಟ 519 ಚಿಲ್ಲರೆ ಅಂತ ಇತ್ತು. ಹಿನ್ನೀರಿನ ತುದಿಯಲ್ಲಿ ಹರಿವು ಜೋರಿದ್ದರೆ ಮಟ್ಟ ಅಣೆಕಟ್ಟಿನ ಹತ್ತಿರಕ್ಕಿಂತ ತುಸು ಮೇಲಿರುತ್ತದೆ, ಇರಲಿ, ನಮಗೆ ಬೇಕಿದ್ದದ್ದು ಅಂದಾಜು.

ಬೀಳಗಿಯವನು ಪ್ಯಾಂಟು ಮಡಚಿಕೊಂಡು ನೀರಿನಂಚಿನ ಕೆಸರಿನಲ್ಲಿ ಕೋಲು ಊರಿದ. ಗುಳ್ಳೆ ಮಧ್ಯಕ್ಕೆ ತಂದ. ಪರದೆ ನೋಡಿದ. ಮತ್ತೆ ನೋಡಿದ. ಆಮೇಲೆ ಒಂದು ಕೈ ಎತ್ತಿ ಕೂಗಿದ:

"ಸರ, ಇದರ ಪ್ರಕಾರ ನಾವು ನೀರಾಗ ಎಪ್ಪತ್ತ ಮೀಟರ್ ಕೆಳಗ ನಿಂತೇವ್ರಿ!"

ಪರದೆಯಲ್ಲಿ 440 ಚಿಲ್ಲರೆ ಇತ್ತು. ತೆಪ್ಪ ತೊಳೆಯುತ್ತಿದ್ದ ಮೀನುಗಾರ ನಮ್ಮನ್ನೂ ನೀರನ್ನೂ ಒಮ್ಮೆ ನೋಡಿ, "ಯಂತ್ರ ಕೆಟ್ಟೈತೇನ್ರಿ ಸಾಹೇಬ್ರ?" ಅಂದ.

ಕೆಟ್ಟಿರಲಿಲ್ಲ. ಉಪಗ್ರಹ ಎತ್ತರ ಅಳೆಯುವುದು ಕಡಲಿನಿಂದ ಅಲ್ಲ. ಭೂಮಿಗೆ ಹೊಂದುವ ಹಾಗೆ ಲೆಕ್ಕದಲ್ಲಿ ಕಟ್ಟಿದ ಒಂದು ನುಣುಪಾದ ಗುಂಡಿನಿಂದ. ಸ್ವಲ್ಪ ಒತ್ತಿದ ಚೆಂಡು ಅಂದುಕೊಳ್ಳಿ. ಅದಕ್ಕೆ ಎಲಿಪ್ಸಾಯ್ಡ್ ಅಂತ ಹೆಸರು. ನಿಜವಾದ ಕಡಲು ಅಷ್ಟು ನುಣುಪಲ್ಲ. ಭೂಮಿಯೊಳಗೆ ತೂಕ ಎಲ್ಲ ಕಡೆ ಒಂದೇ ಸಮ ಇಲ್ಲದ ಕಾರಣ, ಗುರುತ್ವ ಜಾಸ್ತಿ ಇದ್ದ ಕಡೆ ನೀರು ಗುಡ್ಡೆಯಾಗುತ್ತದೆ, ಕಡಿಮೆ ಇದ್ದ ಕಡೆ ತಗ್ಗುತ್ತದೆ. ಆ ಏರಿಳಿತದ ಮೈಗೆ ಜಿಯಾಯ್ಡ್ ಅನ್ನುತ್ತಾರೆ. ಲೋಕದಲ್ಲೇ ದೊಡ್ಡ ತಗ್ಗು ನಮ್ಮ ಮಗ್ಗುಲಲ್ಲೇ ಇದೆ. ಶ್ರೀಲಂಕಾದ ದಕ್ಷಿಣಕ್ಕೆ ಜಿಯಾಯ್ಡ್ ಆ ಗುಂಡಿಗಿಂತ 100 ಮೀಟರಿಗೂ ಕೆಳಗೆ. ಅದರ ಇಳಿಜಾರು ಬಾಗಲಕೋಟೆಯವರೆಗೂ ಬಂದಿದೆ. ಇಲ್ಲಿ ವ್ಯತ್ಯಾಸ ಎಪ್ಪತ್ತು ಚಿಲ್ಲರೆ ಮೀಟರ್.

519.60 ಅನ್ನುವುದು ಸಮುದ್ರ ಮಟ್ಟದಿಂದ. 440 ಚಿಲ್ಲರೆ ಅನ್ನುವುದು ಗುಂಡಿನಿಂದ. ಎರಡೂ ಸರಿ.

ಇದನ್ನೆಲ್ಲ ದಂಡೆಯ ಮೇಲೆ ನಿಂತು ಜೋರಾಗಿ ವಿವರಿಸುತ್ತಿದ್ದೆ. ಹುಡುಗಿ ನಡುವೆ ಮೆಲ್ಲಗೆ ಕೇಳಿದಳು. "ಸರ, ಮತ್ತ ರೇಮಾದಾಗ ಎತ್ತರ ಎಲ್ಲಿಂದ ಅಳದಾರ್ರಿ?"

ನಾನು ಬಾಯಿ ಮುಚ್ಚಿದೆ. ರೇಮಾ ಎತ್ತರಗಳು ಗುಂಡಿನಿಂದ. ಅದರ ವಿವರಣೆಯ ಪುಟದಲ್ಲೇ ಬರೆದಿದೆ. ನಾವು ಕಡಲಿನಿಂದ ಅಂತ ತಿಳಿದು ಬಳಸಿದ್ದೆವು.

ಮೈತ್ರಿಯ ಮುಂದಿನ ಆ ಕರಾವಳಿಯಲ್ಲಿ ಜಿಯಾಯ್ಡ್ ಗುಂಡಿಗಿಂತ ಹತ್ತು ಮೀಟರಿಗೂ ಮೇಲಿದೆ. ಅಷ್ಟು ಎತ್ತರ ಸುಮ್ಮನೆ ನಮ್ಮ ಹಾಸಿಗೆ ಸೇರಿತ್ತು. ಹದಿನೈದು ಮೀಟರ್ ಅಂತ ಇಟ್ಟುಕೊಳ್ಳಿ. 9.3ರಿಂದ ಗುಣಿಸಿದರೆ ದಪ್ಪದಲ್ಲಿ 140 ಮೀಟರ್ ತಪ್ಪು. ಹಾಸೆಲ್ಲ ಕಂದಾಗಿದ್ದು ಅದಕ್ಕೇ. ನಾನು ಹೆಚ್ಚಿಸಿದ್ದ ಗಾಳಿ ಈ ತಪ್ಪನ್ನೇ ಹೆಚ್ಚುಕಡಿಮೆ ನುಂಗಿಕೊಂಡಿತ್ತು.

ಇಲ್ಲೊಂದು ಮಾತು. ನಾವು ರಾಸ್ ಸಮುದ್ರದ ಹಾಸನ್ನು ಆರಿಸಿದ್ದರೆ ಈ ತಪ್ಪು ಮೊದಲ ದಿನವೇ ಸಿಗುತ್ತಿತ್ತು. ಅಲ್ಲಿ ಜಿಯಾಯ್ಡ್ ಐವತ್ತು ಮೀಟರಿನಷ್ಟು ಕೆಳಗಿದೆ. ಕಡಲ ಮೇಲೆ ಎದ್ದು ನಿಂತ ಹಾಸಿನ ಎತ್ತರ ಸೊನ್ನೆಗಿಂತ ಕೆಳಗೆ ಬರುತ್ತದೆ. ಅದನ್ನು ಕಂಡರೆ ಒಂದನೇ ವರ್ಷದವರೂ ಏನೋ ಎಡವಟ್ಟಾಗಿದೆ ಅನ್ನುತ್ತಾರೆ. ನಮ್ಮ ಜಾಗದಲ್ಲಿ ತಪ್ಪು ಸಣ್ಣದಿತ್ತು, ನಂಬುವ ಹಾಗಿತ್ತು. ಅದಕ್ಕೇ ಒಂದು ತಿಂಗಳು ಬದುಕಿತು.

ಕರದಂಟು ತಿಂದ ಮೇಲೆ

ಜಿಯಾಯ್ಡ್ ಅಂಕಿ ಹುಡುಕಲು ಎಲ್ಲಿಗೂ ಹೋಗಬೇಕಿರಲಿಲ್ಲ. ಬೆಡ್‌ಮೆಷಿನ್ ಕಡತದಲ್ಲೇ ಅದಕ್ಕೂ ಒಂದು ಪದರ ಇತ್ತು. ನಾವು ತೆರೆದೇ ಇರಲಿಲ್ಲ. ಅದನ್ನು ಕಳೆದು, ಗಾಳಿಯನ್ನು ಕಡತ ಹೇಳಿದಷ್ಟಕ್ಕೇ ಇಳಿಸಿ, ಮತ್ತೆ ನಕ್ಷೆ ತೆಗೆದೆವು. ನಮ್ಮ ಗೆರೆ ಪ್ರಕಟವಾದ ಗೆರೆಯ ಮೇಲೆ ಅಚ್ಚೊತ್ತಿದ ಹಾಗೆ ಕೂತಿತು. ಬೀಳಗಿಯವನು ಅಮೀನಗಡದ ಕರದಂಟು ತಂದು ಲ್ಯಾಬಿನಲ್ಲಿ ಹಂಚಿದ. ನಾನೂ ಎರಡು ತಿಂದೆ.

ರಾತ್ರಿ ಮನೆಯಲ್ಲಿ ಅದೇ ಕಡತ ತೆಗೆದು ಕೂತೆ. ಇನ್ನೂ ಯಾವ ಪದರ ತೆರೆದಿಲ್ಲ ಅಂತ ನೋಡುವ ಹುಚ್ಚು. ಒಂದು ಪದರ, ಪ್ರತಿ ಚೌಕದ ದಪ್ಪ ಯಾವ ಬಗೆಯಿಂದ ಬಂದದ್ದು ಅಂತ ಹೇಳುತ್ತದೆ. ರೇಡಾರ್ ವಿಮಾನ ಹಾರಿ ಅಳೆದದ್ದು, ಹರಿವಿನ ಲೆಕ್ಕದಿಂದ ಬಂದದ್ದು, ಹೀಗೆ. ನಮ್ಮ ಹಾಸಿನ ಮೇಲೆ ಬೆರಳಿಟ್ಟೆ. ತೇಲುವಿಕೆಯ ಲೆಕ್ಕದಿಂದ ಅಂತ ಇತ್ತು.

ಅಂದರೆ ಆ ಕಡತ ಕಟ್ಟಿದವರು ಮೊದಲು ಇಲ್ಲಿಂದ ಆಚೆ ತೇಲುತ್ತದೆ ಅಂತ ಒಂದು ಗೆರೆ ಇಟ್ಟುಕೊಂಡಿದ್ದಾರೆ. ಅದರಾಚೆ ಮೇಲ್ಮೈ ಎತ್ತರವನ್ನು 9.3ರಂಥ ಅಂಕಿಯಿಂದ ಗುಣಿಸಿ ದಪ್ಪ ಬರೆದಿದ್ದಾರೆ. ಅವರ ಉದ್ದೇಶಕ್ಕೆ ಅದು ಸರಿಯಾದ ದಾರಿಯೇ. ನಾವು ಮಾಡಿದ್ದೇನು? ಆ ದಪ್ಪವನ್ನು ತೆಗೆದು ಅದೇ ಅಂಕಿಯಿಂದ ಭಾಗಿಸಿ, ತೇಲುತ್ತದಾ ಅಂತ ಕೇಳಿದೆವು. ತೇಲುತ್ತದೆ ಅಂತಲೇ ಉತ್ತರ ಬರುತ್ತದೆ, ಬರದೆ ಏನು ಮಾಡೀತು? ಗಣಿತದ ಪುಸ್ತಕದ ಹಿಂದಿನ ಉತ್ತರ ನೋಡಿಕೊಂಡು ಲೆಕ್ಕ ಬಿಡಿಸಿ, ಕೊನೆಗೆ ತಾಳೆ ನೋಡಿ ಖುಷಿಪಟ್ಟ ಹಾಗೆ.

ಬೆಳಿಗ್ಗೆ ಹೇಳಿದಾಗ ಮೂವರ ಮುಖವೂ ಇಳಿಯಿತು. "ಅಂದ್ರ ಕರದಂಟು ವಾಪಸ್ಸೇನ್ರಿ?" ಅಂದ ಬೀಳಗಿಯವನು.

ಈ ಎರಡನೇ ತಪ್ಪು ನನಗೆ ಮೊದಲನೆಯದಕ್ಕಿಂತ ಜಾಸ್ತಿ ಕಾಡಿತು. ಮೊದಲನೆಯದರಲ್ಲಿ ನಕ್ಷೆ ತಪ್ಪಾಗಿ ಕಂಡಿತ್ತು, ಹಾಗಾಗಿ ಹುಡುಕಿದೆವು. ಇಲ್ಲಿ ನಕ್ಷೆ ಸರಿಯಾಗಿ ಕಂಡಿತು. ಸರಿಯಾಗಿ ಕಂಡದ್ದನ್ನು ಯಾರು ಬಿಚ್ಚಿ ನೋಡುತ್ತಾರೆ?

ಚುರುಮುರಿ ಪ್ರಯೋಗ

ಉಳಿದದ್ದು ಒಂದೇ ದಾರಿ. ತೇಲುವುದು ಅಲುಗುತ್ತದೆ, ನೆಲದ ಮೇಲಿನದು ಅಲುಗುವುದಿಲ್ಲ. ಕಡಲಿನ ಉಬ್ಬರಕ್ಕೆ ಹಾಸು ಏರಬೇಕು, ಇಳಿತಕ್ಕೆ ಇಳಿಯಬೇಕು. ಅದನ್ನು ನೋಡಿದರೆ ಯಾರ ದಪ್ಪದ ಹಂಗೂ ಇಲ್ಲ.

ಮತ್ತೆ ಅನಗವಾಡಿಗೆ ಹೋದೆವು. ಈ ಸಲ ಒಂದು ಉದ್ದನೆಯ ತೆಳು ಥರ್ಮಾಕೋಲ್ ಹಾಳೆ ತೆಗೆದುಕೊಂಡು. ಅರ್ಧ ದಂಡೆಯ ಕೆಸರಿನ ಮೇಲೆ, ಅರ್ಧ ನೀರಿನ ಮೇಲೆ ಇಟ್ಟೆವು. ಹಾಳೆಯ ಮೇಲೆ ಸಾಲಾಗಿ ಚುರುಮುರಿ ಕಾಳು ಹಾಕಿದೆವು. ಯಾವುದೋ ತೆಪ್ಪ ಹಾದುಹೋಯಿತು, ಅಲೆ ಬಂತು. ನೀರಿನ ತುದಿಯ ಕಾಳು ಕುಣಿದವು. ದಂಡೆಯ ಕಡೆಯವು ತೆಪ್ಪಗೆ ಕೂತಿದ್ದವು. ನಡುವೆ ಒಂದು ಗೇಣಿನಷ್ಟು ಪಟ್ಟಿಯಲ್ಲಿ ಕಾಳು ಕುಣಿಯಲೂ ಇಲ್ಲ, ಸುಮ್ಮನಿರಲೂ ಇಲ್ಲ. ಒಂದಿಷ್ಟು ನಡುಗಿದವು. ಹಾಳೆಯ ಅಡಿಗೆ ಬೆರಳು ಹಾಕಿ ಕೆಸರು ಮುಗಿದು ನೀರು ಶುರುವಾಗುವ ಜಾಗ ಹಿಡಿದೆವು. ಅದು ಆ ನಡುಗುವ ಪಟ್ಟಿಯ ಒಳಗಿತ್ತು. ಆದರೆ ಮೇಲಿಂದ ನೋಡಿ ಇಲ್ಲೇ ಅಂತ ಬೆರಳಿಡಲು ಯಾವ ಗುರುತೂ ಇರಲಿಲ್ಲ.

ಅಂಟಾರ್ಕ್ಟಿಕಾದಲ್ಲೂ ಇದೇ ಕಥೆ, ಗೇಣಿನ ಬದಲು ಕಿಲೋಮೀಟರುಗಳು. ಗಟ್ಟಿ ಮಂಜು ಒಮ್ಮೆಲೇ ಮಡಚುವುದಿಲ್ಲ, ಬಾಗುತ್ತದೆ. ಒಳಗಡೆ ಅಲುಗಾಟ ಶುರುವಾಗುವ ಬಿಂದುವಿಗೆ ಎಫ್ ಅನ್ನುತ್ತಾರೆ. ಹೊರಗೆ ಪೂರ್ತಿ ಸಲೀಸಾಗಿ ತೇಲುವ ಬಿಂದು ಎಚ್. ನಿಜವಾದ ಗೆರೆ ಜಿ, ಎರಡರ ನಡುವೆ ಎಲ್ಲೋ, ಎಫ್‌ಗೆ ಹತ್ತಿರ. ಮೇಲ್ಮೈಯ ಇಳಿಜಾರು ತಟ್ಟನೆ ಸಪಾಟಾಗುವ ಜಾಗವೂ ಇಲ್ಲೇ ಸುತ್ತಮುತ್ತ ಸಿಗುತ್ತದೆ. ಹಲವು ಹಳೇ ನಕ್ಷೆಗಳಲ್ಲಿ ಗೆರೆ ಅಂತ ಎಳೆದದ್ದು ಆ ಇಳಿಜಾರಿನ ಮಡಿಕೆಯನ್ನು. ಹಾಗಾಗಿ ಎರಡು ನಕ್ಷೆಗಳಲ್ಲಿ ಗೆರೆ ಬೇರೆ ಇದ್ದರೆ ಮಂಜು ಸರಿಯಿತು ಅಂತ ಕೂಗುವ ಮುಂಚೆ ಎರಡೂ ಒಂದೇ ಬಿಂದುವನ್ನು ಗುರುತಿಸಿವೆಯಾ ಅಂತ ನೋಡಬೇಕು.

ನಮ್ಮ ಚುರುಮುರಿ ಕಾಳಿನ ಕೆಲಸ ಮಾಡಿದ್ದು ಐಸ್‌ಸ್ಯಾಟ್-2. 2018ರ ಸೆಪ್ಟೆಂಬರಿನಲ್ಲಿ ಹಾರಿದ ಉಪಗ್ರಹ. ಆರು ಹಸಿರು ಲೇಸರ್ ಕಿರಣ ಬಿಡುತ್ತಾ ಹೋಗುತ್ತದೆ, 91 ದಿನಕ್ಕೊಮ್ಮೆ ಅದೇ ಹಾದಿಗೆ ಮರಳುತ್ತದೆ. ಒಂದೇ ಹಾದಿಯ ಬೇರೆ ಬೇರೆ ದಿನದ ಎತ್ತರಗಳನ್ನು ಒಂದೇ ಹಾಳೆಯ ಮೇಲೆ ಬರೆದು, ಸರಾಸರಿ ಕಳೆದರೆ ಚಿತ್ರ ತಾನಾಗೇ ಬಿಚ್ಚಿಕೊಳ್ಳುತ್ತದೆ. ಎಡಕ್ಕೆ ನೆಲದ ಕಡೆ ಎಲ್ಲ ಗೆರೆಗಳೂ ಒಂದರ ಮೇಲೊಂದು. ಒಂದು ಕಡೆ ಬಂದಾಗ ಹೆಣಿಕೆ ಸಡಿಲವಾಗಿ ಬೀಸಣಿಗೆ ಥರ ಅಗಲವಾಗುತ್ತವೆ. ಆಮೇಲೆ ಅಷ್ಟೇ ಅಗಲದಲ್ಲಿ ಸಾಗುತ್ತವೆ. ಬೀಸಣಿಗೆಯ ಹಿಡಿಕೆ ಎಫ್, ಅಗಲ ನಿಂತ ಜಾಗ ಎಚ್. ಮೊದಲ ಬೀಸಣಿಗೆ ಪರದೆಯ ಮೇಲೆ ಬಂದಾಗ ಇಳಕಲ್ಲಿನವಳು ಸೀರೆಯ ಸೆರಗಿನ ಕೊಂಡಿ ಬಿಚ್ಚಿದ ಹಾಗೈತ್ರಿ ಅಂದಳು. ಅವರ ಮನೆಯಲ್ಲಿ ಮಗ್ಗ ಇದೆ.

ಹನ್ನೊಂದು ಹಾದಿ ನೋಡಿದೆವು. ಎಂಟರಲ್ಲಿ ಬೀಸಣಿಗೆ ಸ್ಪಷ್ಟ. ಮೂರರಲ್ಲಿ ಮೋಡ ಕಿರಣವನ್ನು ತಿಂದಿತ್ತು, ಅಥವಾ ಹಾದುಹೋದ ದಿನಗಳಲ್ಲೆಲ್ಲ ಕಡಲ ಮಟ್ಟ ಒಂದೇ ಆಗಿತ್ತು. ಉಬ್ಬರ ಇಲ್ಲದೆ ಉಬ್ಬರ ಹುಡುಕಿದರೆ ಏನು ಸಿಗುತ್ತದೆ? ಇದರ ಮೇಲೆ ಗಾಳಿಯ ಒತ್ತಡದ್ದೊಂದು ಆಟ. ಒತ್ತಡ ಒಂದು ಮಿಲಿಬಾರ್ ಏರಿದರೆ ಕಡಲು ಸುಮಾರು ಒಂದು ಸೆಂಟಿಮೀಟರ್ ತಗ್ಗುತ್ತದೆ. ಬಿರುಗಾಳಿಯ ದಿನ ಮತ್ತು ತಿಳಿ ದಿನದ ನಡುವೆ ಅದೇ ಕೆಲವು ಹತ್ತು ಸೆಂಟಿಮೀಟರ್ ಆದೀತು.

ರೇಡಾರ್ ಬಗ್ಗೆ ಚುಟುಕಾಗಿ

ಹಾದಿಗಳ ನಡುವಿನ ಖಾಲಿ ಜಾಗಕ್ಕೆ ರೇಡಾರ್ ಬೇಕು. ಅಂಟಾರ್ಕ್ಟಿಕಾದಲ್ಲಿ ಇದು ನಡೆಯುತ್ತದೆ ಅಂತ 1993ರಲ್ಲಿ ರಿಚರ್ಡ್ ಗೋಲ್ಡ್‌ಸ್ಟೀನ್ ಮತ್ತು ಸಂಗಡಿಗರು ರಟ್‌ಫರ್ಡ್ ಹಿಮಹೊಳೆಯಲ್ಲಿ ತೋರಿಸಿದ್ದರು. ಅಲ್ಲಿ ಉಬ್ಬರವಿಳಿತ ಆರು ಮೀಟರ್ ದಾಟುತ್ತದೆ. ನಮ್ಮ ಜಾಗಕ್ಕೆ ಅಷ್ಟು ಭಾಗ್ಯವಿಲ್ಲ.

ಯುರೋಪಿನ ಸೆಂಟಿನೆಲ್-1 ಉಪಗ್ರಹ ಜೋಡಿಯ ರೇಡಾರ್ ಅಲೆಯ ಉದ್ದ 5.6 ಸೆಂಟಿಮೀಟರ್. ಎರಡು ದಿನಗಳ ಚಿತ್ರ ತಾಳೆ ಹಾಕಿದರೆ ಬಣ್ಣದ ಪಟ್ಟೆ ಮೂಡುತ್ತದೆ, ಒಂದೊಂದು ಪಟ್ಟೆಗೆ 2.8 ಸೆಂಟಿಮೀಟರ್ ಸರಿದಾಟ. ಆದರೆ ಮಂಜು ಮುಂದಕ್ಕೂ ಹರಿಯುತ್ತದೆ, ಅದೂ ಪಟ್ಟೆಯಾಗುತ್ತದೆ. ಹರಿವು ದಿನಾ ಒಂದೇ ಸಮ, ಉಬ್ಬರ ಹಾಗಲ್ಲ. ಹಾಗಾಗಿ ಮೂರು ದಿನದ ಚಿತ್ರ ತೆಗೆದುಕೊಂಡು, ಎರಡು ಜೋಡಿ ಮಾಡಿ, ಜೋಡಿಯಿಂದ ಜೋಡಿ ಕಳೆದರೆ ಹರಿವು ಹೋಗಿ ಉಬ್ಬರ ಉಳಿಯುತ್ತದೆ. ಬಾಗುವ ಪಟ್ಟಿಯಲ್ಲಿ ಬಣ್ಣಗಳು ಒತ್ತೊತ್ತಾಗಿ ಸಾಲುಗಟ್ಟುತ್ತವೆ.

ಹೇಳಲು ಸುಲಭ. ಒಂದೊಂದು ಚಿತ್ರ ನಾಲ್ಕು ಜಿಬಿ ಆಸುಪಾಸು. ಲ್ಯಾಬಿನ ಕಂಪ್ಯೂಟರು ಎರಡನೇ ಹಂತಕ್ಕೇ ಉಸಿರುಗಟ್ಟುತ್ತಿತ್ತು. ರಾತ್ರಿ ಚಾಲೂ ಮಾಡಿ ಹೋದರೆ ಬೆಳಿಗ್ಗೆ ಕರೆಂಟು ಹೋಗಿ ಬಂದಿರುತ್ತಿತ್ತು. ಸೆಂಟಿನೆಲ್-1 ಜೋಡಿಯಲ್ಲಿ ಒಂದು ಉಪಗ್ರಹ 2021ರ ಡಿಸೆಂಬರಿನಲ್ಲಿ ಕೆಟ್ಟ ಮೇಲೆ ಆರು ದಿನದ ಅಂತರ ಹನ್ನೆರಡಾಗಿತ್ತು. ಅಷ್ಟರಲ್ಲಿ ಹಿಮ ಬಿದ್ದು ಮೇಲ್ಮೈ ಬದಲಾದರೆ ತಾಳೆ ಕೂಡುವುದಿಲ್ಲ, ಪಟ್ಟೆಯ ಬದಲು ರವೆ ಚೆಲ್ಲಿದ ಹಾಗೆ ಕಾಣುತ್ತದೆ. 2021ಕ್ಕಿಂತ ಹಿಂದಿನ ಜೋಡಿಗಳನ್ನು ಹುಡುಕಿ, ಮೊದಲು ಉಬ್ಬರದ ಲೆಕ್ಕ ನೋಡಿ ದಿನ ಆರಿಸಿ, ಕೊನೆಗೆ ಒಂದೇ ಒಂದು ಒಳ್ಳೆ ಚಿತ್ರ ಬಂತು. ಒಂದೇ ಸಾಕಾಯಿತು.

ನಿಸಾರ್‌ನ ಒಂದು ಅಲೆ 24 ಸೆಂಟಿಮೀಟರಿನದು. ಉದ್ದ ಅಲೆ ಹಿಮದ ಸಣ್ಣ ಬದಲಾವಣೆಗೆ ಅಷ್ಟಾಗಿ ಹೆದರುವುದಿಲ್ಲ. ಅದರ ಮೇಲೆ ನಮಗಿರುವ ಆಸೆ ಅದೇ.

ಏನು ಸಿಕ್ಕಿತು

ಎಂಟು ಹಾದಿಗಳ ಎಫ್ ಬಿಂದು ಮತ್ತು ರೇಡಾರಿನ ಪಟ್ಟಿ, ಹಾದಿ ಹಾಯುವ ಕಡೆಯೆಲ್ಲ ಹೊಂದಿಕೊಂಡವು. ಇವೆರಡೂ ಬೇರೆ ಬೇರೆ ಉಪಗ್ರಹ, ಬೇರೆ ಬೇರೆ ಬಗೆ, ಒಂದರ ಉತ್ತರ ಇನ್ನೊಂದರೊಳಗಿಲ್ಲ. ಈ ಸಲ ಕರದಂಟು ತರಿಸಲು ನನಗೆ ಅಳುಕಿರಲಿಲ್ಲ. ಇಳಿಜಾರಿನ ಮಡಿಕೆಯಿಂದ ಎಳೆದ ಗೆರೆ ಕೆಲವು ಕಡೆ ಇದರ ಜೊತೆ ಕೂತಿತು. ಹಾಸಿನ ಬದಿಗಿರುವ ಜುಪ್ರಾನೆನ್ ಹಿಮದಿಬ್ಬದ ಹತ್ತಿರ ಕೂರಲಿಲ್ಲ. ಅಲ್ಲಿ ಮಂಜು ಕಡಲ ತಳದ ಉಬ್ಬಿಗೆ ತಾಗಿ ನಿಂತಿದೆ, ಇಳಿಜಾರು ಹಲವು ಕಡೆ ಮಡಚುತ್ತದೆ. ಯಾವ ಮಡಿಕೆ ಸರಿ ಅಂತ ಕಣ್ಣಿಗೆ ತಿಳಿಯುವುದಿಲ್ಲ. ಅಷ್ಟು ಭಾಗವನ್ನು ನಕ್ಷೆಯಲ್ಲಿ ಚುಕ್ಕಿ ಗೆರೆಯಾಗಿ ಬಿಟ್ಟಿದ್ದೇವೆ.

ಇನ್ನೊಂದು ಸಾಕ್ಷಿ ನಮಗೆ ಪುಕ್ಕಟೆ ಸಿಕ್ಕಿತು. ಶಿರ್ಮಾಕರ್ ಬಂಡೆಗಳ ಉತ್ತರ ಅಂಚಿನಲ್ಲಿ, ಬಂಡೆಗೂ ಹಾಸಿಗೂ ನಡುವೆ, ಕೆಲವು ಕೆರೆಗಳಿವೆ. ತೆರೆದ ಕಡಲು ಅಲ್ಲಿಂದ ಎಂಬತ್ತು ಕಿಲೋಮೀಟರಿಗೂ ದೂರ. ಆದರೂ ಆ ಕೆರೆಗಳ ನೀರು ಉಬ್ಬರವಿಳಿತಕ್ಕೆ ಸರಿಯಾಗಿ ಏರಿ ಇಳಿಯುತ್ತದೆ. ಹಾಸಿನ ಅಡಿಯಿಂದ ಕಡಲು ಅಲ್ಲಿವರೆಗೂ ಕೈ ಚಾಚಿದೆ. ಉಪಗ್ರಹ, ಎಲಿಪ್ಸಾಯ್ಡ್, ಬೆಡ್‌ಮೆಷಿನ್ ಏನೂ ಬೇಡ, ಕೆರೆಯಲ್ಲಿ ಒಂದು ಅಳತೆಕೋಲು ನೆಟ್ಟರೆ ಗೊತ್ತಾಗುತ್ತದೆ. ನಮ್ಮ ಮೊದಲ ಕಂದು ನಕ್ಷೆ ಈ ಕೆರೆಗಳ ಮುಂದಿನ ಹಾಸನ್ನೂ ನೆಲದ ಮೇಲೆ ಕೂರಿಸಿತ್ತು ಅನ್ನುವುದನ್ನು ವರದಿಯಲ್ಲಿ ಹಾಗೇ ಬರೆದೆವು. ಗಾಳಿಯ ತಿರುಪು ತಿರುಗಿಸಿದ ಪುಟವನ್ನೂ ತೆಗೆಯಲಿಲ್ಲ. ತೆಗೆಯೋಣವಾ ಸರ ಅಂತ ಮಕ್ಕಳು ಕೇಳಿದರು, ನನ್ನ ಮರ್ಯಾದೆ ಉಳಿಸಲು. ಬೇಡ ಅಂದೆ.

ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು ನಕ್ಷೆ ನೋಡಿ, "ಇಷ್ಟು ದಪ್ಪ ಪಟ್ಟಿ ಯಾಕೆ? ಗೆರೆ ಎಲ್ಲಿ, ಅದನ್ನಷ್ಟೇ ತೋರಿಸಿ" ಅಂದರು. ವಿಜಯಪುರದವನು ಸ್ವಲ್ಪ ಹೊತ್ತು ನಿಂತು, "ಯಾವ ದಿನದ್ದ ಬೇಕ್ರಿ ಸರ?" ಅಂದ. ಪರೀಕ್ಷಕರಿಗೆ ಅದು ಉಡಾಫೆ ಅನ್ನಿಸಿತು. ನಾನು ನಡುವೆ ಬಾಯಿ ಹಾಕಬೇಕಾಯಿತು. 2024ರಲ್ಲಿ ಬಂದ ಥ್ವೇಟ್ಸ್ ಅಧ್ಯಯನ ತೋರಿಸಿದೆ. ಅಲ್ಲಿ ಉಬ್ಬರದ ಹೊತ್ತಿಗೆ ಕಡಲ ನೀರು ಮಂಜಿನಡಿ ಕಿಲೋಮೀಟರುಗಟ್ಟಲೆ ಒಳಗೆ ನುಗ್ಗಿ, ಇಳಿತಕ್ಕೆ ವಾಪಸ್ಸಾಗುವುದು ರೇಡಾರಿನಲ್ಲಿ ಕಂಡಿದೆ. ಅವರು ಓದಿ, ಕನ್ನಡಕ ತೆಗೆದು, "ಮುಂದಕ್ಕೆ ಹೋಗಿ" ಅಂದರು. ಅಂಕ ಚೆನ್ನಾಗೇ ಬಂತು.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೇ ಬಾಗಲಕೋಟೆಯ ಕೆಲವು ಓಣಿಗಳು ಮತ್ತೆ ಮೇಲೆ ಬರುತ್ತವೆ. ಉಪಕರಣ ತಿರುಗಿ ಕೊಡುವ ಮುಂಚೆ ಬೀಳಗಿಯವನ ಜೊತೆ ಅಲ್ಲಿಗೆ ಹೋಗಿದ್ದೆ. ನಮ್ಮ ಮನೆಯ ಕಟ್ಟೆ ಇನ್ನೂ ಇತ್ತು, ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಅದರ ಮೂಲೆಯಲ್ಲಿ ಕೋಲು ಊರಿದ. ಅಂಕಿ ಓದುವ ಮುಂಚೆ ನನ್ನ ಕಡೆ ತಿರುಗಿ, "ಗುಂಡಿನಿಂದ ಬರಕೊಳ್ಳಲೇನ್ರಿ, ಕಡಲಿಂದ ಬರಕೊಳ್ಳಲೇನ್ರಿ?" ಅಂತ ಕೇಳಿದ. ಎರಡನ್ನೂ ಬರೆದುಕೊ ಅಂದೆ.